ಮೀಟರ್ ಸರಿ ಐತ್ರಿ

"ಬರ್ರಿ ಬರ್ರಿ, ಒಳಗ ಬರ್ರಿ. ಹೂಜಿ ನೋಡ್ತೀರೋ, ಕಪ್ಪು ನೋಡ್ತೀರೋ?"

ಖಾನಾಪುರದ ಕುಂಬಾರಿಕೆ ಶೆಡ್ಡಿನ ಬಾಗಿಲಲ್ಲಿ ಸಮೃದ್ಧಿ ಬಾಯಿ ತೆರೆಯುವ ಮೊದಲೇ ಕುಂಬಾರ ಯಲ್ಲೇಶ ಅವಳ ಕೈಯಲ್ಲಿ ನೀಲಿ ಕಪ್ಪೊಂದನ್ನು ಇಟ್ಟಿದ್ದ. ಮೊಣಕೈವರೆಗೂ ಮಣ್ಣು. ಹುಬ್ಬಿನ ಮೇಲೂ ಒಂದು ಗೆರೆ.

"ಚಂದ ಅದ," ಅಂದಳು, ಹುಬ್ಬಿನಿಂದ ಕಣ್ಣು ತೆಗೆದು.

"ಇನ್ನೂ ಚಂದ ಬರತಿತ್ರಿ. ಭಟ್ಟಿಗೆ ಕಾವು ತೋರಸೂ ಹೊಸಾ ಮೀಟರ್ ಹಾಕಸೇನಿ. ಗಾಳಿ ಊದೂ ಬ್ಲೋವರ್ ಚಾಲೂ ಆತಂದ್ರ ನಂಬರ್ ಕುಣಿಯಾಕ ಹತ್ತತೈತಿ. ಎಂಟುನೂರು ಅಂತೈತಿ, ಒಂಬೈನೂರು ಅಂತೈತಿ. ಯಾವದ ಖರೇ? ಅದನ್ನ ಡಿಸೈನ್ ಮಾಡಿದ ಸಾಹೇಬ ಒಮ್ಮಿಯಾದ್ರೂ ಭಟ್ಟಿ ಬಾಜು ನಿಂತಾನೋ ಇಲ್ಲೋ! ಇವತ್ತ ಬರ್ತಾನಂತ. ಬರ್ಲಿ, ಕೇಳತೀನಿ."

ಸಮೃದ್ಧಿ ಕಪ್ಪನ್ನು ಜೋಪಾನವಾಗಿ ಕೆಳಗಿಟ್ಟಳು. "ಕೇಳ್ರಿ. ಆ ಸಾಹೇಬ ನಾನ ರೀ."

ಯಲ್ಲೇಶನ ಕಿವಿ ಕೆಂಪಾದವು. ಅವಳಿಗೆ ನಗು ತಡೆಯಲಾಗಲಿಲ್ಲ. ಬೆಳಗಾವಿಯ ಆಟೋ ನಗರದ ಸಣ್ಣ ಕಂಪನಿಯಲ್ಲಿ ಅವಳು ಸ್ವಂತವಾಗಿ ಮಾಡಿದ ಮೊದಲ ಸರ್ಕ್ಯೂಟ್ ಅದು. ಬೈಗುಳವೂ ಮೊದಲನೆಯದೇ.

ಭಟ್ಟಿಯ ಹಿಂದೆ ಹೋಗಿ ನೋಡಿದ ಕೂಡಲೇ ಕಾರಣ ಸಿಕ್ಕಿತು.

"ಒಳಗಿನ ಸೆನ್ಸರ್ ಕೊಡೂ ವೋಲ್ಟೇಜ್ ಪಿಸುಮಾತಿದ್ದಂಗ ರೀ. ನನ್ನ ಆಂಪ್ಲಿಫೈಯರ್ ಅದನ್ನ ದೊಡ್ಡದು ಮಾಡತೈತಿ. ನೀವು ಸೆನ್ಸರ್ ವೈರು, ಬ್ಲೋವರ್ ವೈರು ಎರಡೂ ಕೂಡಿಸಿ ಕಟ್ಟೀರಿ. ಮೋಟಾರಿನ ಗದ್ದಲಾನೂ ದೊಡ್ಡದಾಗಿ ಬರಾಕತ್ತೈತಿ."

"ಅಂದ್ರ ತಪ್ಪು ನಂದ?"

"ಅರ್ಧ ನಂದು. ಆ ಗದ್ದಲ ಸೋಸಾಕ ಒಂದು ಫಿಲ್ಟರ್ ಹಾಕಬೇಕಿತ್ತು. ನಮ್ಮ ಟೇಬಲ್ ಮ್ಯಾಲ ಬ್ಲೋವರ್ ಇರಲಿಲ್ಲ ನೋಡ್ರಿ."

ವೈರುಗಳನ್ನು ಬೇರೆ ಮಾಡಿ, ಸೆನ್ಸರಿನ ಎರಡು ಎಳೆಗಳನ್ನು ಜಡೆಯಂತೆ ಹೆಣೆದು, ಮೀಟರಿನ ಸರ್ಕ್ಯೂಟ್ ಬೋರ್ಡಿಗೆ ಫಿಲ್ಟರ್ ಬೆಸೆಯಲು ಕುಳಿತಳು. ಯಲ್ಲೇಶ ಟಾರ್ಚ್ ಹಿಡಿದ.

"ಬೆಳಕು ಇಲ್ಲಿ ಬೇಕ್ರೀ, ನನ್ನ ಮಾರಿ ಮ್ಯಾಲಲ್ಲ."

"ಕೈ ಸೋತೈತ್ರಿ," ಅಂದ. ಟಾರ್ಚ್ ಅಂಗೈಗಿಂತ ದೊಡ್ಡದಿರಲಿಲ್ಲ.

ಬ್ಲೋವರ್ ಶುರುವಾಯಿತು. ನಂಬರ್ ಅಲುಗಾಡಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತರು, ನೋಡಲು ಬೇರೇನೂ ಇಲ್ಲದವರಂತೆ.

ಆಮೇಲೆ ಚೆಕ್ ಮಾಡುವ ನೆಪದಲ್ಲಿ ಅವಳು ಇನ್ನೆರಡು ಸಲ ಬಂದಳು. ನೆಪ ತೀರಿತು. ಫೋನಿನಲ್ಲಿ "ಆರಾಮ ಅದೀರಿ?" ಎಂದು ಕೇಳಿ ಇಬ್ಬರೂ ಮತ್ತೆ ಮೀಟರಿನ ಮಾತಿಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಕಂಪನಿಯ ಮಾಲೀಕರಾದ ಬಸಯ್ಯನವರು ಕರೆದರು. "ಏನವಾ ಸಮೃದ್ಧಿ, ಖಾನಾಪುರದಿಂದ ಮತ್ತ ಕಂಪ್ಲೇಂಟ್. ಹಿಂಗಾದ್ರ ನಿನ್ನ ಬೋರ್ಡ್ ಬಂದ್ ಮಾಡೂಣು. ರೆಡಿ ಬೋರ್ಡ್ ತರಸೂಣು."

ಖಾನಾಪುರದ ರೈಲಿನಲ್ಲಿ ಅವಳಿಗೆ ಬೋರ್ಡಿನದೇ ಚಿಂತೆ, ಕಿಟಕಿಯಾಚೆ ಏನೂ ಕಾಣಲಿಲ್ಲ. ಶೆಡ್ಡಿಗೆ ಬಂದವಳೇ ಬೋರ್ಡ್ ಬಿಚ್ಚಿ ಒಂದೊಂದೇ ಭಾಗ ಪರೀಕ್ಷಿಸಿದಳು. ಮಧ್ಯಾಹ್ನವಾಯಿತು. ಎಲ್ಲವೂ ಸರಿಯಿತ್ತು.

"ಎಲ್ಲಿ ತಪ್ಪೈತೋ ತಿಳೀವಲ್ದು," ಅಂದಳು. ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಇದು ಹೋತಂದ್ರ ಇನ್ನೊಂದು ಡಿಸೈನ್ ನನ್ನ ಕೈಯಾಗ ಕೊಡೂದಿಲ್ಲ ಅವರು."

ಯಲ್ಲೇಶನ ಮುಖ ಬಿಳಿಚಿಕೊಂಡಿತು. "ತಪ್ಪು ಏನೂ ಇಲ್ರಿ. ನೀವು ಬರ್ಲಿ ಅಂತ... ನಾನ ಸುಳ್ಳ ಹೇಳೇನಿ."

"ಚ್ಯಾಷ್ಟಿ ಅನಿಸ್ತೇನ್ರಿ ನಿಮಗ?" ಅವಳು ಚೀಲ ಎತ್ತಿಕೊಂಡಳು. "ಬರ್ರಿ ಅಂತ ಅಂದಿದ್ರ ಬರತಿದ್ನಿ!"

ಹೇಳಿದ್ದು ಏನೆಂದು ತಿಳಿದು ತಾನೇ ನಿಂತುಬಿಟ್ಟಳು. ಅಷ್ಟರಲ್ಲಿ ಅವನು ಫೋನ್ ಹಚ್ಚಿ, ಸ್ಪೀಕರ್ ಒತ್ತಿದ್ದ.

"ಬಸಯ್ಯನವರ, ಮೀಟರ್ ಸರಿ ಐತ್ರಿ. ಇಂಥಾ ಮೀಟರ್ ನಾ ನೋಡೇ ಇಲ್ಲ. ನಿಮ್ಮ ಇಂಜಿನಿಯರ್‌ನ ನೋಡದ ಇರಾಕ ಆಗವಲ್ದು, ಅದಕ್ಕ ಸುಳ್ಳ ಕಂಪ್ಲೇಂಟ್ ಕೊಟ್ಟೇನ್ರಿ. ಬೈಯೂದಿದ್ರ ನನಗ ಬೈರಿ."

ಆ ಕಡೆಯಿಂದ ಒಂದು ಕೆಮ್ಮು. "ಬೋರ್ಡಿನ ಮಾತು ಮುಗೀತು ಬಿಡಪಾ. ನಾ ಬಂದ್ ಮಾಡೂದಿಲ್ಲ. ಆದ್ರ ಆಕಿ ಏನಂತಾಳ?"

ಯಲ್ಲೇಶ ತಲೆ ಎತ್ತಲಿಲ್ಲ. ಸಮೃದ್ಧಿ ಮುಂದೆ ಬಂದು, ಅವನ ಮಣ್ಣುಗೈಯೊಳಗಿಂದ ಫೋನ್ ತೆಗೆದುಕೊಂಡಳು. ಕೈಯನ್ನು ಮಾತ್ರ ಬಿಡಲಿಲ್ಲ.

"ಸರ್," ಅಂದಳು, "ಇವತ್ತ ನನಗ ಅರ್ಧ ದಿನ ರಜಾ ಬೇಕ್ರೀ."