ಇಟಲಿ ವೈನಿನ ಗಸಿ

ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಅರಿಶಿನದ ಗಿಡಗಳ ನಡುವೆ ಬೋರಲು ಬಿದ್ದೆ. ಪಕ್ಕದಲ್ಲಿ ಮಾದೇಶ ಮುದುರಿಕೊಂಡಿದ್ದ. ಅಡುಗೆಯವನು. ನಾನು ಹಿಡಿದು ಒಪ್ಪಿಸಬೇಕಾಗಿದ್ದ ಆಸಾಮಿ...

"ಅವರು ನನ್ನ ಹಿಂದೆಯೇ ಬರ್ತಾರೆ ಅಂತ ಗೊತ್ತಿರಲಿಲ್ಲ ಕಣಯ್ಯಾ," ಅಂದೆ.

"ಬುಡಿ ಸಾ. ಸಾಯೋದು ನಿಮ್ ಕೈಲಾದ್ರೇನು, ಅವ್ರ ಕೈಲಾದ್ರೇನು."

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಕೇಳಿ.

ಅದು ತೊಂಬತ್ತನಾಲ್ಕನೇ ಇಸವಿ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ರೂಮು ಹಿಡಿದು ಒಬ್ಬನೇ ಇದ್ದೆ. ತಪ್ಪಿಸಿಕೊಂಡವರನ್ನು ಹುಡುಕಿಕೊಡುವುದು ನನ್ನ ಕಸುಬು. ಕೆಲಸ ಹೇಳುವವರನ್ನು ಬಿಟ್ಟರೆ ನನ್ನನ್ನು ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬಂದವನು ಕೆಂಪಯ್ಯ. ಹರವೆ ಕಡೆ ಅವನದು ಕರಿಕಲ್ಲಿನ ಕ್ವಾರಿ. ಕಲ್ಲು ಕೊಳ್ಳುವ ಇಟಲಿಯ ಬ್ರೂನೋ ಹಿಂದಿನ ವಾರ ನಾಲ್ಕು ಬಾಟ್ಲಿ ಕೆಂಪು ವೈನ್ ಕೊಟ್ಟು ಊಟಿಗೆ ಹೋಗಿದ್ದನಂತೆ. ಅವನ ಅಪ್ಪನ ತೋಟದ್ದು. ಭಾನುವಾರ ಮಧ್ಯಾಹ್ನ ಬರುತ್ತೇನೆ, ಊಟದ ಜೊತೆ ಕುಡಿಯೋಣ ಅಂದಿದ್ದನಂತೆ.

ಕೆಂಪಯ್ಯನಿಗೆ ತಡೆಯಲಾಗಲಿಲ್ಲ. ಶನಿವಾರ ಸಂಜೆಯೇ ಒಂದು ಬಾಟ್ಲಿ ತೆಗೆಸಿದ.

"ಬುಸ್ ಅಂತ ಉಕ್ಕಿ ಷರ್ಟೆಲ್ಲಾ ಕೆಂಪಾಯ್ತು. ನೋಡುದ್ರೆ ಬರೀ ರಾಡಿ. ಖಾರದ ಕೋಳಿ ಸಾರು ಉಂಡು ಒಂದ್ ಗ್ಲಾಸು ಎತ್ಬುಟ್ಟೆ. ಆಮೇಲೆ ಕರುಳೇ ಕಿತ್ಕೊಂಡ್ ಬಂತು. ಮಾದೇಶ ಏನೋ ಬೆರ್ಸವ್ನೆ. ಪಕ್ಕದ ಕ್ವಾರಿಯೋರು ಮಾಡ್ಸವ್ರೆ. ಓಡೋಗವ್ನೆ, ಹುಡುಕ್ಕೊಡು."

"ಸಿಕ್ಕಿದರೆ?"

"ನನ್ ಕ್ವಾರಿ ಗುಂಡೀಲಿ ನೀರು ತುಂಬಾ ಅದೆ."

ತಣ್ಣಗೆ ಹೇಳಿದ. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ.

ಓಡಿಹೋದವನು ಎಲ್ಲಿಗೆ ಹೋಗುತ್ತಾನೆ? ಊಟ ಹಾಕುವವರ ಮನೆಗೆ. ಭೀಮನಬೀಡಿನಲ್ಲಿ ಅವನ ಅಕ್ಕ ಸಣ್ಣತಾಯಮ್ಮ ಇದ್ದಳು. ನನ್ನ ಬೈಕಿನ ಸದ್ದಿಗೇ ಬಾಗಿಲಿಗೆ ಅಡ್ಡ ನಿಂತಳು.

"ನಮ್ ಮಾದೇಶ ಇಲ್ಲಿಲ್ಲ."

ಒಳಗೆ ಎರಡು ತಟ್ಟೆ ಹಾಕಿತ್ತು. ಎರಡರಲ್ಲೂ ಮುದ್ದೆ ಹೊಗೆಯಾಡುತ್ತಿತ್ತು.

"ಇನ್ನೊಂದು ತಟ್ಟೆ ಯಾರಿಗಮ್ಮಾ?"

"ನಿಂಗೇ ಅಂದ್ಕೊ. ಕೂತ್ಕೊಂಡ್ ಉಣ್ಣಪ್ಪ."

ನನಗೆ ಯಾರಾದರೂ ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ... ನಾಚಿಕೆಯಾಯಿತು. ಆದರೂ ಹಿತ್ತಲ ಕಡೆ ನಡೆದೆ. ಕಸುಬು ಬಿಡುತ್ತದೆಯೇ?

ಅರಿಶಿನದ ಹೊಲದಲ್ಲಿ ಸಿಕ್ಕಿದ.

"ಏನು ಬೆರೆಸಿದೆ?"

"ಮಾದಪ್ಪನಾಣೆ ಏನೂ ಇಲ್ಲ ಸಾ. ತಳದಲ್ಲಿ ಗಸಿ ನಿಂತಿತ್ತು. ಚೆನ್ನಾಗ್ ಕುಲುಕ್ಬುಟ್ಟು ತೆಗ್ದೆ."

"ಕುಲುಕಿದ್ಯಾಕೆ?"

ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ.

"ಹೆಂಡವ ಕಲಕ್ದೆ ಹುಯ್ತಾರಾ ಸಾ? ಹಂಗೇ ಹುಯ್ದ್ರೆ ತಿಳಿಯೆಲ್ಲಾ ಮೊದಲ್ನೋನ್ಗೆ, ಗಸಿಯೆಲ್ಲಾ ಕೊನೇಲಿ ಕೂತೋನ್ಗೆ. ಅದ್ಯಾವ ನ್ಯಾಯ?"

"ಬಾಟ್ಲಿ ಎಲ್ಲಿಟ್ಟಿದ್ದೆ?"

"ಒಲೆ ಪಕ್ದಲ್ಲಿ."

ಮೀನಾ ನೆನಪಾದಳು.

ಕುದೇರಿನವಳು. ನಾನು ಊಟಿಯ ಹೋಟೆಲಿನಲ್ಲಿ ಸೆಕ್ಯುರಿಟಿ ಆಗಿದ್ದಾಗ ಅವಳು ಅಲ್ಲಿ ವೈನ್ ಬಡಿಸುತ್ತಿದ್ದಳು. ಸೋಸದೆ, ಔಷಧಿ ಹಾಕದೆ ಮಾಡಿದ ವೈನ್ ಬಾಟ್ಲಿಯೊಳಗೂ ಬದುಕಿರುತ್ತದೆ ಅನ್ನುತ್ತಿದ್ದಳು. ಬಿಸಿ ತಗುಲಿದರೆ ರೇಗುತ್ತದೆ. ಕುಲುಕಿದರೆ ಉಕ್ಕುತ್ತದೆ. ತಣ್ಣಗೆ ನಿಲ್ಲಿಸಿಡು, ಮೆಲ್ಲಗೆ ಬಗ್ಗಿಸು. ಖಾರದ ಸಾರಿನ ಜೊತೆ ಕೊಡಬೇಡ, ಎರಡೂ ಹೊಡೆದಾಡುತ್ತವೆ. ಕೊಬ್ಬಿರುವ ಮಾಂಸ ಕೊಡು. ಒಬ್ಬನೇ ಇದ್ದಾಗ ಮಾತ್ರ ತೆಗೆಯಬೇಡ... ತೆಗೆದ ದಿನವೇ ಮುಗಿಯಬೇಕು, ಅದು ಇಬ್ಬರ ಬಾಟ್ಲಿ.

ಆಮೇಲೆ ಅವಳು ಮಸ್ಕತ್ತಿಗೆ ಹೋದಳು. ವಾಪಸ್ ಬರಲಿಲ್ಲ.

ಗುಂಡು ಹಾರಿದ್ದು ಆಗಲೇ.

ಕೋವಿ ಹಿಡಿದವನು ಸುನೀಲ್ ಕುಮಾರ್, ಕೆಂಪಯ್ಯನ ಭಾಮೈದ. ನಾಯಿಯನ್ನು ವಾಸನೆಗೆ ಬಿಟ್ಟ ಹಾಗೆ ನನ್ನನ್ನು ಬಿಟ್ಟು ಹಿಂದೆಯೇ ಜೀಪಿನಲ್ಲಿ ಬಂದಿದ್ದ. ಮಾದೇಶನಿಗೆ ಅಲ್ಲಾಡಬೇಡ ಎಂದು ಸನ್ನೆ ಮಾಡಿದೆ. ಬದುವಿನ ಮರೆಯಲ್ಲಿ ತೆವಳಿದೆ. ಸುನೀಲ್ ಇನ್ನೊಂದು ತೋಟಾ ತುಂಬಲು ತಲೆ ತಗ್ಗಿಸಿದ.

ಹಿಂದಿನಿಂದ ಮಂಡಿಗೆ ಒದ್ದೆ. ಕುಸಿದ. ಕೋವಿ ನನ್ನ ಕೈಗೆ ಬಂತು.

"ಜೀಪ್ ಓಡ್ಸು."

"ಎಲ್ಲಿಗ್ಲಾ?"

"ನಿಮ್ಮ ಭಾವನ ಊಟಕ್ಕೆ."

ಮಾದೇಶನನ್ನೂ ಕೂರಿಸಿಕೊಂಡು ಕ್ವಾರಿಯ ಗೆಸ್ಟ್ ಹೌಸ್ ತಲುಪಿದಾಗ ಕೆಂಪಯ್ಯ ಉಳಿದ ಮೂರು ಬಾಟ್ಲಿಗಳನ್ನೂ ಮೋರಿಗೆ ಸುರಿಯಲು ಹೊರಟಿದ್ದ. ಮಾದೇಶನನ್ನು ಕಂಡವನೇ ಕುತ್ತಿಗೆಗೆ ಕೈ ಹಾಕಿದ.

"ಬಿಡು ಕೆಂಪಯ್ಯಾ. ನಿನ್ನೆ ತೆಗೆದ ಬಾಟ್ಲಿ ಎಲ್ಲಿ?"

"ಅಲ್ಲೇ ಅದೆ. ಪಕ್ಕದ ಕ್ವಾರಿಯೋರ್ಗೆ ತೋರ್ಸಕ್ ಮಡಗಿವ್ನಿ."

ಅರ್ಧ ಇತ್ತು. ತಳದ ಗಸಿಯೂ ಸೇರಿ ಅಷ್ಟನ್ನೂ ಗ್ಲಾಸಿಗೆ ಬಗ್ಗಿಸಿದೆ. ಕೆಮ್ಮಣ್ಣಿನ ನೀರಿನ ಬಣ್ಣ. ಮಾದೇಶ ಸುಳ್ಳು ಹೇಳಿದ್ದರೆ ನನ್ನ ಕತೆ ಅಲ್ಲಿಗೆ ಮುಗಿಯಿತು.

"ಸತ್ತೋದ್ರೆ?" ಕೆಂಪಯ್ಯ ಕೇಳಿದ.

"ಅಳೋಕೆ ಯಾರೂ ಇಲ್ಲ. ನಿನಗೇನೂ ತೊಂದರೆ ಆಗಲ್ಲ."

ಕುಡಿದೆ. ಹುಣಸೆಯ ಹುಳಿ. ನೇರಳೆಯ ಒಗರು. ಕೊನೆಯಲ್ಲಿ ಒಂಚೂರು ದನದ ಕೊಟ್ಟಿಗೆಯ ವಾಸನೆ. ವಿಷ ಇರಲಿಲ್ಲ... ಇದ್ದಿದ್ದರೆ ನಾಲಿಗೆಗೆ ತಿಳಿಯುತ್ತಿತ್ತೇ? ಗೊತ್ತಿಲ್ಲ. ಕುರ್ಚಿಯಲ್ಲಿ ಕೂತು ಕಾದೆ. ಮೂರು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಗಮನ ಕೊಟ್ಟು ನನ್ನನ್ನು ಯಾರೂ ನೋಡಿರಲಿಲ್ಲ, ಮೀನಾ ಒಬ್ಬಳನ್ನು ಬಿಟ್ಟರೆ.

ನಾನು ಸಾಯಲಿಲ್ಲ.

"ವೈನ್ ಕೆಟ್ಟಿಲ್ಲ. ಯಾರೂ ಏನೂ ಬೆರೆಸಿಲ್ಲ," ಅಂದೆ. "ಒಲೆ ಪಕ್ಕ ಕಾದಿತ್ತು, ಕುಲುಕಿದ್ದಕ್ಕೆ ಉಕ್ಕಿತು. ನೀನು ಖಾರದ ಮೇಲೆ ಬ್ರಾಂದಿ ಥರ ಎತ್ತಿದೆ. ಹೊಟ್ಟೆ ತಿರುಗಿಸಿತು."

ಕೆಂಪಯ್ಯ ಪೂರ್ತಿ ನಂಬಲಿಲ್ಲ. "ಇಟಲಿ ದೊರೆ ಕುಡೀಲಿ. ಆಮೇಲ್ ನೋಡನ," ಅಂದ. ನನ್ನ ಕೈಯಿಂದ ಕೋವಿ ಕಿತ್ತುಕೊಂಡು ಬಾಗಿಲ ಹಿಂದೆ ಒರಗಿಸಿದ.

ಬಾಟ್ಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಾವಿಯ ನೀರು ತುಂಬಿದ ಕೊಪ್ಪರಿಗೆಯಲ್ಲಿ ನಿಲ್ಲಿಸಿದೆ. ಮಾದೇಶನಿಗೆ ಕೋಳಿ ಸಾರು ಹಿಂದೆ ಸರಿಸಲು ಹೇಳಿದೆ. ಕುರಿ ತೊಡೆಗೆ ಬರೀ ಉಪ್ಪು, ಕಾಳುಮೆಣಸು ಹಚ್ಚಿ ಕೆಂಡದ ಮೇಲೆ ಸುಡಿಸಿದೆ. ಕೊಬ್ಬು ಜಿನುಗಬೇಕು. ಆ ಕೊಬ್ಬು ವೈನಿನ ಹುಳಿಯನ್ನು ಮೆತ್ತಗೆ ಮಾಡುತ್ತದೆ, ವೈನಿನ ನೊರೆ ಬಾಯಲ್ಲಿನ ಜಿಡ್ಡು ತೊಳೆಯುತ್ತದೆ.

ಬ್ರೂನೋ ಬಂದ. ದಪ್ಪ ಮನುಷ್ಯ, ಬಿಸಿಲಿಗೆ ಕೆಂಪಾದ ಮುಖ. ನಾನು ಮೆಲ್ಲಗೆ, ಗಸಿ ಕದಡದಂತೆ ಬಗ್ಗಿಸಿದೆ. ಒಂದು ತುಂಡು ಮಾಂಸ ತಿಂದು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

ಆಮೇಲೆ ನಕ್ಕ. ಎರಡನೇ ಬಾಟ್ಲಿ ತಾನೇ ತೆಗೆದುಕೊಂಡ. ಮುಚ್ಚಳ ತೆಗೆಯುವ ಮೊದಲು ಮೆಲ್ಲಗೆ ತಲೆಕೆಳಗು ಮಾಡಿ ಎತ್ತಿದ. ಗಸಿಯೆಲ್ಲ ಮೋಡದ ಹಾಗೆ ಕದಡಿತು. ತೆಗೆದು ಎಲ್ಲರಿಗೂ ಸಮನಾಗಿ ಹುಯ್ದ.

"ನಮ್ಮಪ್ಪ ಹೀಗೇ ಹುಯ್ಯೋದು," ಅಂದ ಇಂಗ್ಲಿಷಿನಲ್ಲಿ. "ತಣ್ಣಗಿದ್ದರೆ ಉಕ್ಕುವುದಿಲ್ಲ. ಗಸಿ ಎಲ್ಲರಿಗೂ ಸಿಗಬೇಕು, ಒಬ್ಬನಿಗೇ ಅಲ್ಲ."

ಕೆಂಪಯ್ಯನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಮಾದೇಶ ಕಂಬ ಹಿಡಿದು ನಿಂತಿದ್ದ. ಕೆಂಪಯ್ಯ ಅವನ ಕಡೆ ನೋಡಿದ. ನಂತರ ತನ್ನ ತಟ್ಟೆ ಮುಂದೆ ತಳ್ಳಿದ.

"ಮುದ್ದೆ ಹಾಕ್ಲಾ ಮಾದೇಶ."

ಅಷ್ಟೇ. ಕ್ಷಮಿಸು ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಮಾದೇಶ ಬಡಿಸಿದ ಮುದ್ದೆಯನ್ನು ಮುರಿದು ಎಲ್ಲರ ಮುಂದೆ ನುಂಗಿದ. ಮಾದೇಶ ಒಳಗೆ ಹೋಗಿ ಅತ್ತದ್ದು ನನಗೆ ಕೇಳಿಸಿತು.

ಹೊರಡುವಾಗ ಬ್ರೂನೋ ನನ್ನ ಭುಜ ಹಿಡಿದ. ಹೀಗೆ ಬಡಿಸಲು ಯಾರು ಕಲಿಸಿದರು ಅಂದ.

"ಒಬ್ಬಳು," ಅಂದೆ.

ಉಳಿದಿದ್ದ ಕೊನೆಯ ಬಾಟ್ಲಿಯನ್ನು ಕೈಗಿತ್ತ. ಅವಳ ಜೊತೆ ಕುಡಿಯಿರಿ ಅಂದ. ಥ್ಯಾಂಕ್ಯೂ ಅಂದೆ. ಮತ್ತೇನು ಹೇಳಲಿ, ನೀವೇ ಹೇಳಿ.

ಬೈಕಿಗಾಗಿ ಭೀಮನಬೀಡಿಗೆ ಹೋದೆ. ಸಣ್ಣತಾಯಮ್ಮ ಮುದ್ದೆ, ಉಪ್ಸಾರು ಕಟ್ಟಿಕೊಟ್ಟಳು. ಸಂಜೆ ರೂಮಿನಲ್ಲಿ ಬಾಟ್ಲಿ ಎದುರಿಗಿಟ್ಟುಕೊಂಡು ಉಂಡೆ. ಎದುರಿನ ಕುರ್ಚಿಯಲ್ಲಿ ನನ್ನ ಟವೆಲ್ ಒಣಗುತ್ತಿತ್ತು. ಕೆಳಗೆ ಊಟಿ ಬಸ್ಸು ಹೊರಟಿತು. ಜೀವನದಲ್ಲಿ ಅಷ್ಟು ಒಂಟಿ ಅನ್ನಿಸಿದ್ದು ಅದೇ ಮೊದಲು.

ಬಾಟ್ಲಿ ತೆಗೆಯಲಿಲ್ಲ. ಇಂದಿಗೂ ಗೂಡಿನಲ್ಲಿ ನಿಂತಿದೆ. ಇಷ್ಟು ವರ್ಷಕ್ಕೆ ಹುಳಿಯಾಗಿರಬೇಕು...

ಇರಲಿ. ನಾನೂ ಹುಳಿಯಾಗಿದ್ದೇನೆ, ಜೋಡಿ ಸರಿಹೋಗುತ್ತದೆ.