ಅವನು ತಪ್ಪಿಸಿಕೊಂಡ ಟೆಸ್ಟ್

"ಹೆಸರು ಹೇಳಿ."

ಗೊತ್ತಿದ್ದೂ ಕೇಳಿದಳು ವೇಣಿ. ರಕ್ತ ತೆಗೆಯುವ ಮುಂಚೆ ಹೆಸರನ್ನು ಬಂದವರ ಬಾಯಿಂದಲೇ ಕೇಳಬೇಕು. ಪೀಣ್ಯದ ಆ ಲ್ಯಾಬಿನಲ್ಲಿ ಅದು ಕಟ್ಟುನಿಟ್ಟು.

ಎದುರಿಗೆ ಕೂತವನು ತಲೆಯೆತ್ತಿದ. ಮುಖ ಬಿಳಿಚಿಕೊಂಡಿತು.

"ವೇಣಿ... ನೀನು ಬೇರೆ ಬ್ರಾಂಚಿಗೆ ಹೋದೆ ಅಂದಿದ್ರು..."

"ಹೆಸರು ಕೇಳ್ದೆ ಸಾರ್."

"...ಲೋಕೇಶ್."

ಲೋಕೇಶ್! ಎರಡು ವರ್ಷದ ಹಿಂದೆ ಇವನ ಜೊತೆಗೇ ಅವಳ ನಿಶ್ಚಿತಾರ್ಥವಾಗಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದ ವಾರವೇ 'ನಂಗೆ ಬೇರೆ ಹುಡುಗಿ ಇಷ್ಟ' ಎಂದು ಒಂದು ಮೆಸೇಜ್ ಹಾಕಿ ಕೈತೊಳೆದುಕೊಂಡಿದ್ದ. ಅವಳ ಅಪ್ಪ ನಲ್ಲಪ್ಪ ಮನೆಮನೆಗೂ ಹೋಗಿ ಮದುವೆ ನಿಂತಿತೆಂದು ಹೇಳಿಬಂದರು. ಊರ ಬಾಯಿಗೆ ಬೀಗ ಹಾಕುವವರಾರು? ಹುಡುಗಿಯಲ್ಲೇ ಏನೋ ಐಬಿದೆ ಎಂದರು ಜನ.

ಪಾಪಿ! ಈಗ ತೋಳು ಚಾಚಿ ಕೂತಿದ್ದಾನೆ!

ತೋಳಿಗೆ ಪಟ್ಟಿ ಬಿಗಿದಳು. ಬೇಕೆಂದೇ ಸ್ವಲ್ಪ ಜಾಸ್ತಿ ಬಿಗಿದಳು. ಆಮೇಲೆ ಡಾಕ್ಟರ ಚೀಟಿ ನೋಡಿದಳು.

ಎಎಫ್‌ಪಿ... ಹೆಪಟೈಟಿಸ್ ಬಿ ಇರುವವರಿಗೆ ಲಿವರ್ ಕ್ಯಾನ್ಸರ್ ಶುರುವಾದರೆ ಮೊಳಕೆಯಲ್ಲೇ ಗೊತ್ತಾಗಲಿ ಎಂದು ಆರು ತಿಂಗಳಿಗೊಮ್ಮೆ ಬರೆಯುವ ಟೆಸ್ಟ್.

"ಯಾವಾಗಿಂದ ಇದು?"

"ಹುಟ್ಟಿದಾಗಿಂದ ಇದ್ಯಂತೆ, ಅಮ್ಮನಿಂದ ಬಂದಿದ್ದು. ನಂಗೆ ಗೊತ್ತಾಗಿದ್ದು ಮದ್ವೆಗೆ ತಿಂಗಳಿದ್ದಾಗ, ಫ್ಯಾಕ್ಟರಿ ಚೆಕಪ್ಪಲ್ಲಿ."

"ಮತ್ತೆ... ಆ ಹುಡುಗಿ?"

"ಯಾವ ಹುಡುಗಿನೂ ಇಲ್ಲ ಕಣೇ. ಸುಳ್ಳು ಹೇಳ್ದೆ. ನಿಂಗೆ ಅಂಟಿಸ್ಬಿಡ್ತೀನೇನೋ ಅಂತ ಭಯ ಆಯ್ತು."

ಒಂದು ಕ್ಷಣ ಅವಳ ಮನಸ್ಸು ಕರಗಿತು. ಮರುಕ್ಷಣ ಮೈಯೆಲ್ಲ ಉರಿಯಿತು.

"ಅಯ್ಯೋ ದಡ್ಡ! ದಿನಾ ಐವತ್ತು ಜನರ ರಕ್ತ ತೆಗಿಯೋಳು ಕಣೋ ನಾನು! ಕೆಲಸಕ್ಕೆ ಸೇರೋ ಮುಂಚೆನೇ ಇದಕ್ಕೆ ಮೂರು ಡೋಸ್ ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ. ನಿನ್ನಿಂದ ನಂಗೇನೂ ಬರ್ತಿರ್ಲಿಲ್ಲ. ಒಂದೇ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?"

ಹಾಗೊಂದು ಇಂಜೆಕ್ಷನ್ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ತ್ಯಾಗ ಮಾಡುವ ಗಂಡಸರಿಗೆ ಕೇಳುವ ಅಭ್ಯಾಸ ಎಲ್ಲಿರುತ್ತದೆ ಹೇಳಿ!

"ಹೋದ್ಸಲ ಟೆಸ್ಟ್ ಮಾಡಿಸಿದ್ದು ಯಾವಾಗ?"

"ಒಂದೂವರೆ ವರ್ಷ ಆಯ್ತು, ಬೇರೆ ಲ್ಯಾಬಲ್ಲಿ... ಆಮೇಲಿಂದ ಫ್ಯಾಕ್ಟರಿಯೋರು ಈ ಲ್ಯಾಬಿಗೇ ಕಳಿಸೋದು. ನಿನ್ನ ಕಣ್ಣಿಗೆ ಬೀಳಕ್ಕಾಗ್ದೆ ಬರ್ಲಿಲ್ಲ."

ಎರಡು ಟೆಸ್ಟ್ ತಪ್ಪಿಸಿದ್ದಾನೆ! ವೇಣಿ ಸೂಜಿ ಚುಚ್ಚಿದಳು. ನಾಳ ಸರಿಯಾಗಿ ಕಾಣುತ್ತಿರಲಿಲ್ಲ, ಅವಳ ಕಣ್ಣು ತುಂಬಿತ್ತು.

ಮರುದಿನ ರಿಪೋರ್ಟ್ ಬಂತು. ಹತ್ತರೊಳಗೆ ಇರಬೇಕಾದದ್ದು ನಾನೂರು ದಾಟಿತ್ತು. ಸ್ಕ್ಯಾನ್ ಆಗದೆ ಏನೂ ಹೇಳುವಂತಿಲ್ಲ ಎಂದು ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅವನು ಬೇಡವೆಂದರೂ ವೇಣಿ ರಜೆ ಹಾಕಿ ಜೊತೆಗೆ ಹೋದಳು.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು.

"ವರ್ಷದ ಹಿಂದೆ ಬಂದಿದ್ರೆ ಸಣ್ಣದಿರ್ತಿತ್ತು, ಸುಲಭವಾಗಿ ತೆಗಿಬೋದಿತ್ತು," ಎಂದರು ಅಲ್ಲಿನ ಡಾಕ್ಟರು. "ಈಗ್ಲೂ ಟ್ರೀಟ್‌ಮೆಂಟ್ ಇದೆ. ಗ್ಯಾರಂಟಿ ಮಾತ್ರ ಕೊಡಕ್ಕಾಗಲ್ಲ."

ಆಸ್ಪತ್ರೆ ಮುಂದಿನ ಬಸ್ ಸ್ಟಾಪಿನಲ್ಲಿ ಇಬ್ಬರೂ ಕೂತರು. ಎರಡು ಬಸ್ ಬಂದು ಹೋದವು.

"ಮನೆಗೋಗು ವೇಣಿ. ನನ್ನಿಂದ ನಿನ್ನ ಬದುಕು ಹಾಳಾಗೋದು ಬೇಡ."

"ಮತ್ತೆ ನನ್ನ ಬದುಕಿನ ತೀರ್ಮಾನ ನೀನೇ ಮಾಡ್ತಿದ್ದೀಯಾ?"

ಅವನು ತಲೆ ತಗ್ಗಿಸಿದ.

"ಅವತ್ತೂ ಪ್ರೀತಿ ಇತ್ತು ಕಣೇ, ಇವತ್ತೂ ಇದೆ. ತಪ್ಪು ಮಾಡ್ಬಿಟ್ಟೆ."

"ಕ್ಷಮಿಸಲ್ಲ ನಾನು. ಈ ಸಿಟ್ಟು ಸಾಯೋವರೆಗೂ ಹೋಗಲ್ಲ!"

"ಯಾರು ಸಾಯೋವರೆಗೂ?" ನಗಲು ನೋಡಿದ ಅವನು.

ಅಷ್ಟೇ, ಅವಳ ಅಳು ಒಡೆದುಬಂತು. ಅವನ ತೋಳು ಹಿಡಿದು ಅಲ್ಲಾಡಿಸಿದಳು.

"ನಾನು! ನಾನು ಸಾಯೋವರೆಗೂ! ಅಲ್ಲೀವರೆಗೂ ಬೈಸ್ಕೊಳಕ್ಕೆ ನೀನಿರ್ಬೇಕು... ಇರ್ತೀಯಾ?"

ತೋಳು ಹಿಡಿದಿದ್ದ ಅವಳ ಕೈ ಮೇಲೆ ಅವನು ತನ್ನ ಕೈಯಿಟ್ಟ.

"ಇರಕ್ಕೆ ನೋಡ್ತೀನಿ ಕಣೇ."