ಒಬ್ಬರು ಬಿಡಬೇಕು

"ಗೊತ್ತಿಲ್ಲಮ್ಮ."

ಆ ಒಂದು ಮಾತಿಗೆ ಮೇಡಂ ಕೆಂಡವಾದಳು.

ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಶನಿವಾರ ಸಂಜೆ ಮಾತ್ರ ಚರ್ಚಿನ ಹಿಂದಿನ ಕೋಣೆಯಲ್ಲಿ, ಯೇಸುವಿನ ಶಿಷ್ಯರಾಗಿ ಬದುಕುವುದು ಹೇಗೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದಳು. ಹುಡುಗಿಯರಿಗೆ ಅವಳೇ ಮಾರ್ಗದರ್ಶಿ. ಹುಡುಗರಿಗೆಂದು ಪಾಸ್ಟರ್ ಅಂದೇ ಕಳಿಸಿದ್ದ ಹೊಸಬ, ಕನ್ನಡಕದ ಅಂಗಡಿಯವನು.

ಮೊದಲ ಸಾಲಿನ ಹುಡುಗಿ ಕೇಳಿದ್ದಳು, "ನನ್ನ ತಮ್ಮನಿಗೋಸ್ಕರ ಅಷ್ಟೊಂದು ಪ್ರಾರ್ಥನೆ ಮಾಡಿದ್ವಿ. ಆದ್ರೂ ಯಾಕೆ ಹೋಗ್ಬಿಟ್ಟ?"

ಮೇಡಂ ಬಳಿ ಉತ್ತರ ಸಿದ್ಧವಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಈ ಹೊಸಬ 'ಗೊತ್ತಿಲ್ಲಮ್ಮ' ಅಂದುಬಿಟ್ಟಿದ್ದ.

ತರಗತಿ ಮುಗಿದದ್ದೇ ತರಾಟೆಗೆ ತೆಗೆದುಕೊಂಡಳು. "ಕಲಿಸೋಕೆ ಬಂದವರೇ ಗೊತ್ತಿಲ್ಲ ಅಂದ್ರೆ ಹೇಗೆ ಸರ್?"

"ಸುಳ್ಳು ಸಮಾಧಾನಕ್ಕಿಂತ ವಾಸಿ ಅಲ್ವಾ ಮೇಡಂ? ಮೊದಲು ಅವಳು ಅತ್ತು ಮುಗಿಸ್ಲಿ. ಪಾಠ ಆಮೇಲೆ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಬಾಗಿಲ ಬಳಿ ಆ ಹುಡುಗಿ ಅವನೆದುರು ನಿಂತು, ತಮ್ಮನ ತುಂಟಾಟಗಳನ್ನೆಲ್ಲ ಹೇಳುತ್ತಾ ಅಳತೊಡಗಿದಾಗ... ತಪ್ಪು ತನ್ನದೇ ಇರಬಹುದೇನೋ ಅನಿಸಿತು.

ದಿನ ಕಳೆದಂತೆ 'ಕನ್ನಡಕದಣ್ಣ' ಎಲ್ಲರಿಗೂ ಬೇಕಾದವನಾದ. ಮೇಡಂಗೂ. ಶನಿವಾರ ಬಂತೆಂದರೆ ಕನ್ನಡಿ ಬಿಟ್ಟು ಅಲುಗಾಡುತ್ತಿರಲಿಲ್ಲ. ಅಮ್ಮನ ಕಣ್ಣು ತಪ್ಪಿಸಲಾದೀತೇ?

"ಪಾಠ ಮಾಡೋಕೆ ಹೋಗ್ತಿದೀಯೋ, ಕಲಿಯೋಕೋ?" ಎಂದು ಅಮ್ಮ ಕಾಲೆಳೆದಳು.

ಒಂದು ಶನಿವಾರ ಅವನು ಬರಲಿಲ್ಲ. ಬದಲಿಗೆ ಪಾಸ್ಟರ್ ಬಂದರು.

"ಅವನು ಬಿಟ್ಟುಬಿಟ್ಟ ಕಣಮ್ಮ. ಇಬ್ಬರಿಲ್ಲದೆ ತರಗತಿ ನಡೆಸೋ ಹಾಗಿಲ್ಲ. ಇನ್ನೊಬ್ಬರು ಸಿಗೋವರೆಗೆ ಮುಚ್ಚೋಣ."

ಮೊದಲ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು, "ಅಣ್ಣನೂ ಹೋಗ್ಬಿಟ್ರಾ ಮೇಡಂ?"

ಮೇಡಂ ಅವಳ ತಲೆ ನೇವರಿಸಿದಳು. ಮಕ್ಕಳನ್ನು ನಡುನೀರಿನಲ್ಲಿ ಕೈಬಿಟ್ಟು ಹೋಗುವುದೇ? ಇಂಥವನಿಗಾಗಿಯೇ ನಾನು ವಾರವಿಡೀ ಕಾಯುತ್ತಿದ್ದದ್ದು? ಕಣ್ಣೊರೆಸಿಕೊಂಡು ನೇರ ಅವನ ಅಂಗಡಿಗೆ ನಡೆದಳು.

ಅವನು ಒಬ್ಬ ಅಜ್ಜನ ಕಿವಿಗೆ ಸರಿಯಾಗಿ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದ.

"ಇಷ್ಟು ಬೇಗ ಮಕ್ಕಳು ಬೇಜಾರಾದ್ರಾ?"

"ಮಕ್ಕಳಲ್ಲ ಮೇಡಂ..." ಅವನ ಕೈ ನಿಂತಿತು. "ಚರ್ಚಿನ ನಿಯಮ ನಿಮಗೂ ಗೊತ್ತು. ಜೊತೆಯಲ್ಲಿ ಕಲಿಸೋರ ಮಧ್ಯೆ ಮದುವೆ ಯೋಚನೆ ಬಂದ್ರೆ ಒಬ್ಬರು ಬಿಡಬೇಕು. ನನಗೆ ಬಂತು. ಮಕ್ಕಳಿಗೆ ನೀವು ಬೇಕು, ಅದಕ್ಕೇ ನಾನು ಬಿಟ್ಟೆ. ಬೇರೆಯವರು ಸಿಗ್ತಾರೆ ಅಂದ್ಕೊಂಡೆ."

ಅಜ್ಜ ಕನ್ನಡಕವನ್ನು ಮೂಗಿಗೇರಿಸಿ ಇಬ್ಬರನ್ನೂ ನೋಡಿದ. "ಈಗ ಎಲ್ಲಾ ಚೆನ್ನಾಗಿ ಕಾಣ್ತಿದೆಯಪ್ಪ" ಎಂದು ಎದ್ದು ಹೊರಟ.

ಮೇಡಂಗೆ ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು. "ನನ್ನನ್ನ ಒಂದು ಮಾತು ಕೇಳದೆ ನನ್ನ ಬದುಕಿನ ತೀರ್ಮಾನನೂ ನೀವೇ ಮಾಡಿಬಿಟ್ರಾ? ನಡೀರಿ ಪಾಸ್ಟರ್ ಹತ್ರ."

ಎಲ್ಲ ಕೇಳಿ ಪಾಸ್ಟರ್ ನಕ್ಕರು. "ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ್ರೆ ಹೇಗಮ್ಮ? ನಾಳೆ ನೀವಿಬ್ರೂ ಜಗಳ ಆಡಿದ್ರೆ ಮಕ್ಕಳ ಗತಿ ಏನು?"

"ಆಡ್ತೀವಿ ಪಾಸ್ಟರ್. ಮೊದಲ ದಿನವೇ ಆಡಿದೀವಿ. ಒಬ್ಬರನ್ನೊಬ್ಬರು ಕ್ಷಮಿಸಿ ಜೊತೆಗಿರಿ ಅಂತ ಮಕ್ಕಳಿಗೆ ಬಾಯಲ್ಲಿ ಹೇಳಿದ್ದಾಯ್ತು. ಬದುಕಿ ತೋರಿಸೋಕೆ ಅವಕಾಶ ಕೊಡಿ. ನಾನು ತರಗತಿನೂ ಬಿಡಲ್ಲ, ಇವರನ್ನೂ ಬಿಡಲ್ಲ."

ಪಾಸ್ಟರ್ ಇಬ್ಬರನ್ನೂ ನೋಡಿ ತಲೆಯಾಡಿಸಿದರು. "ಹಾಗಾದ್ರೆ ಗುಟ್ಟು ಬೇಡ. ಮಕ್ಕಳ ಮುಂದೆ ನೀವೇ ಹೇಳಿ. ಅವರು ಒಪ್ಪಿದ್ರೆ ಚರ್ಚಿನ ಹಿರಿಯರನ್ನ ನಾನು ಒಪ್ಪಿಸ್ತೀನಿ."

ಮುಂದಿನ ಶನಿವಾರ ಇಬ್ಬರೂ ಎಲ್ಲವನ್ನೂ ಹೇಳಿದರು. ಕೋಣೆಯಲ್ಲಿ ಪಿಸುಮಾತು, ನಗು. ಮೊದಲ ಸಾಲಿನ ಹುಡುಗಿ ಮಾತ್ರ ನಗಲಿಲ್ಲ.

"ಇನ್ನು ಬಿಟ್ಟು ಹೋಗಲ್ಲ ತಾನೇ ಅಣ್ಣ?"

"ಇಲ್ಲಮ್ಮ. ಹೋಗಿದ್ದು ತಪ್ಪಾಯ್ತು."

"ಹಾಗಾದ್ರೆ ಸರಿ" ಎಂದು ಅವಳು ಕೈ ಎತ್ತಿದಳು. ಉಳಿದವರೂ ಎತ್ತಿದರು.

ಎಲ್ಲರೂ ಹೋದ ಮೇಲೆ ಅವಳು ಬೆಂಚುಗಳನ್ನು ಗೋಡೆಗೆ ಸರಿಸತೊಡಗಿದಾಗ ಅವನು ಮೆಲ್ಲಗೆಂದ, "ಪಾಸ್ಟರ್‌ಗೆ ಹೇಳಿದ್ರಿ, ಮಕ್ಕಳಿಗೆ ಹೇಳಿದ್ರಿ. ನನಗಿನ್ನೂ ಹೇಳೇ ಇಲ್ಲ."

ಅವಳ ಮುಖ ಕೆಂಪಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ.

"ನೀವಂದ್ರೆ ನನಗೆ ಪ್ರಾಣ. ಸಾಕಾ?"

"ಸಾಕು..."

"ಸಾಕಾದ್ರೆ ಬನ್ನಿ, ಈ ಬೆಂಚಿನ ಆ ಕಡೆ ಹಿಡೀರಿ."